ಕಲ್ಲಿದ್ದಲಿನ ಬಂಧ ಮುರಿಯುವುದು ಯಾರು?

ಪ್ರಶ್ನೆ: ನಮ್ಮೂರು ಶಕ್ತಿನಗರ. ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತು ಬರುವ ಗೂಡ್ಸ್ ಗಾಡಿಗಳನ್ನು ನೋಡುತ್ತಲೇ ಬೆಳೆದವನು ನಾನು. ಕಲ್ಲಿದ್ದಲಿನಿಂದ ಪೆಟ್ರೋಲ್, ಡೀಸೆಲ್ ತಯಾರಿಸಬಹುದು, ಅದಕ್ಕಾಗಿ ವೇಗವರ್ಧಕವೊಂದು ಕಲ್ಲಿದ್ದಲಿನ ರಾಸಾಯನಿಕ ಬಂಧಗಳನ್ನು ಮುರಿಯುತ್ತದೆ ಎಂದು ಇತ್ತೀಚೆಗೆ ಓದಿದೆ. ಆದರೆ ವೇಗವರ್ಧಕ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ, ಅದರ ವೇಗವನ್ನು ಮಾತ್ರ ಹೆಚ್ಚಿಸುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆವು. ಭಾಗವಹಿಸದೆ ಮುರಿಯುವುದು ಹೇಗೆ? ನಮ್ಮೂರಿಗೆ ಬರುವ ಕಲ್ಲಿದ್ದಲಿನಿಂದಲೂ ಹೀಗೆ ಎಣ್ಣೆ ತೆಗೆಯಬಹುದೇ?

— ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಮೊದಲ ಪ್ರಶ್ನೆಯ ಬಗ್ಗೆ ರಸಾಯನ ವಿಜ್ಞಾನಿಗಳೂ ದಶಕಗಳ ಕಾಲ ವಾದ ಮಾಡಿದ್ದಾರೆ. ವೇಗವರ್ಧಕ ಖಂಡಿತವಾಗಿ ಕ್ರಿಯೆಯಲ್ಲಿ ಭಾಗವಹಿಸುತ್ತದೆ. ಅಣುಗಳ ಜೊತೆ ಬಂಧ ಬೆಳೆಸುತ್ತದೆ, ಆ ಬಂಧ ಬಿಡಿಸಿಕೊಳ್ಳುತ್ತದೆ, ಕೊನೆಗೆ ತನ್ನ ಮೊದಲಿನ ರೂಪಕ್ಕೆ ಮರಳುತ್ತದೆ. ಅದು ಖರ್ಚಾಗುವುದಿಲ್ಲ ಎಂಬುದನ್ನು ನಮ್ಮ ಪಠ್ಯಗಳು ‘ಭಾಗವಹಿಸುವುದಿಲ್ಲ’ ಎಂದು ಮೊಟಕಾಗಿ ಹೇಳಿ ಗೊಂದಲ ಹುಟ್ಟಿಸಿವೆ. ಇನ್ನು ಕಲ್ಲಿದ್ದಲಿನ ವಿಷಯದಲ್ಲಿ ವೇಗವರ್ಧಕ ಮೊಟ್ಟಮೊದಲು ಮುರಿಯುವುದು ಕಲ್ಲಿದ್ದಲಿನ ಬಂಧವನ್ನಲ್ಲ, ಹೈಡ್ರೋಜನ್ ಅಣುವಿನ ಬಂಧವನ್ನು. ಇದು ಏಕೆ, ಹೇಗೆ ಎಂದು ತಿಳಿಯಬೇಕಾದರೆ ಕಲ್ಲಿದ್ದಲಿನ ಒಳಗೆ ಏನಿದೆ ಎಂದು ಮೊದಲು ನೋಡಬೇಕು.

ಕಲ್ಲಿದ್ದಲು ಬರೀ ಇಂಗಾಲವಲ್ಲ. ಒಳ್ಳೆಯ ಬಿಟುಮಿನಸ್ ಕಲ್ಲಿದ್ದಲಿನಲ್ಲಿ, ಬೂದಿ ಮತ್ತು ತೇವ ಕಳೆದರೆ, ತೂಕದ ಶೇ 80ಕ್ಕಿಂತ ಹೆಚ್ಚು ಇಂಗಾಲವಿರುತ್ತದೆ. ಹೈಡ್ರೋಜನ್ ಸುಮಾರು ಶೇ 5ರಷ್ಟು. ಉಳಿದದ್ದು ಆಮ್ಲಜನಕ, ಸಾರಜನಕ, ಗಂಧಕ. ಬೆನ್ಜೀನಿನಂಥ ಆರು ಇಂಗಾಲಗಳ ಉಂಗುರಗಳು ಎರಡು, ಮೂರು, ನಾಲ್ಕು ಸೇರಿ ಗುಂಪುಗಳಾಗಿರುತ್ತವೆ. ಗುಂಪು ಗುಂಪುಗಳ ನಡುವೆ ಚಿಕ್ಕ ಚಿಕ್ಕ ಕೊಂಡಿಗಳಿರುತ್ತವೆ: ಕೆಲವೆಡೆ ಒಂದು ಇಂಗಾಲದ್ದು, ಕೆಲವೆಡೆ ಎರಡು ಇಂಗಾಲದ್ದು, ಇನ್ನು ಕೆಲವೆಡೆ ಆಮ್ಲಜನಕ ಅಥವಾ ಗಂಧಕದ್ದು. ಹಳೆಯ ಕಲ್ಲುಗೋಡೆಯನ್ನು ನೆನೆಸಿಕೊಳ್ಳಿ. ಉಂಗುರಗಳ ಗುಂಪುಗಳು ಅದರ ಕಲ್ಲುಗಳಾದರೆ ಈ ಕೊಂಡಿಗಳು ನಡುವಿನ ಗಾರೆ. ಕಲ್ಲನ್ನು ಪುಡಿ ಮಾಡದೆ ಗಾರೆಯನ್ನಷ್ಟೇ ಬಿಡಿಸಿದರೂ ಗೋಡೆ ಕಳಚಿಕೊಳ್ಳುತ್ತದೆ. ಕಲ್ಲಿದ್ದಲನ್ನು ನೇರವಾಗಿ ಎಣ್ಣೆಯಾಗಿಸುವ ವಿಧಾನಕ್ಕೆ ನೇರ ದ್ರವೀಕರಣ ಎನ್ನುತ್ತಾರೆ, ಅದರ ಮೊದಲ ಗುರಿ ಅದೇ.

ಈ ಗಾರೆ ಎಲ್ಲ ಕಡೆ ಒಂದೇ ಗಟ್ಟಿಯಲ್ಲ. ಉಂಗುರ ಹೊತ್ತ ಎರಡು ಇಂಗಾಲಗಳ ನಡುವಿನ ಬಂಧ ಮುರಿಯಲು ಮೋಲ್ ಒಂದಕ್ಕೆ ಸುಮಾರು 260 ಕಿಲೋಜೂಲ್ ಬೇಕು. ನಡುವೆ ಆಮ್ಲಜನಕವಿರುವ ಒಂದು ಬಗೆಯ ಕೊಂಡಿಗೆ 220 ಸಾಕು. ಆದರೆ ಉಂಗುರಕ್ಕೇ ನೇರವಾಗಿ ಅಂಟಿದ ಇಂಗಾಲವನ್ನು ಕೀಳಬೇಕಾದರೆ 375ರ ಆಸುಪಾಸು ಬೇಕು. ಎರಡು ಉಂಗುರಗಳು ನೇರ ಕೈಹಿಡಿದಿದ್ದರೆ 480 ದಾಟುತ್ತದೆ.

220 ಮತ್ತು 480ರ ನಡುವೆ ಬರೀ ಎರಡು ಪಟ್ಟಿನ ವ್ಯತ್ಯಾಸ ತಾನೇ ಎನಿಸಬಹುದು. ಹಾಗಲ್ಲ. ಬಂಧ ಮುರಿಯುವ ವೇಗ ಈ ಅಂಕಿಯ ಜೊತೆ ಘಾತದ ಲೆಕ್ಕದಲ್ಲಿ ಬದಲಾಗುತ್ತದೆ. ದ್ರವೀಕರಣದ ಕುಲುಮೆಯ ಉಷ್ಣತೆ 450 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡು ಅರ್ಧದಷ್ಟು ಬಂಧಗಳು ಮುರಿಯಲು ಎಷ್ಟು ಹೊತ್ತು ಬೇಕೆಂದು ಸ್ಥೂಲವಾಗಿ ಲೆಕ್ಕ ಹಾಕೋಣ. ದುರ್ಬಲವಾದ ಆಮ್ಲಜನಕದ ಕೊಂಡಿಗೆ ಕೆಲವು ಸೆಕೆಂಡು. ಎರಡು ಇಂಗಾಲದ ಕೊಂಡಿಗೆ ಹತ್ತಿಪ್ಪತ್ತು ನಿಮಿಷ. ಉಂಗುರಕ್ಕೆ ನೇರ ಅಂಟಿದ ಇಂಗಾಲಕ್ಕೆ ಸಾವಿರ ವರ್ಷಕ್ಕೂ ಹೆಚ್ಚು. ಉಂಗುರ ಉಂಗುರದ ನಡುವಿನ ಬಂಧಕ್ಕೆ ವಿಶ್ವದ ಈವರೆಗಿನ ವಯಸ್ಸೂ ಸಾಲದು. ದ್ರವೀಕರಣದಲ್ಲಿ ಶಾಖದ ಪಾಲೆಷ್ಟು, ವೇಗವರ್ಧಕದ ಪಾಲೆಷ್ಟು ಎಂಬುದು ಈ ಲೆಕ್ಕದಲ್ಲೇ ಅಡಗಿದೆ. ದುರ್ಬಲ ಕೊಂಡಿಗಳಿಗೆ ವೇಗವರ್ಧಕದ ಹಂಗಿಲ್ಲ, ಶಾಖವೊಂದೇ ಅವನ್ನು ಮುರಿಯುತ್ತದೆ. ಗಟ್ಟಿ ಬಂಧಗಳ ಹತ್ತಿರ ಶಾಖದ ಆಟ ನಡೆಯುವುದಿಲ್ಲ.

ಶಾಖದಿಂದ ಬಂಧ ಮುರಿದಾಗ ಎರಡೂ ತುಂಡುಗಳ ತುದಿಯಲ್ಲಿ ತಲಾ ಒಂದೊಂದು ಒಂಟಿ ಎಲೆಕ್ಟ್ರಾನ್ ಉಳಿಯುತ್ತದೆ. ಇವೇ ಫ್ರೀ ರ‍್ಯಾಡಿಕಲ್‌ಗಳು. ಒಂಟಿ ಎಲೆಕ್ಟ್ರಾನಿಗೆ ಜೊತೆ ಬೇಕೇ ಬೇಕು, ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಹೈಡ್ರೋಜನ್ ಪರಮಾಣು ಸಿಕ್ಕರೆ ತುಂಡು ಶಾಂತವಾಗಿ, ಚಿಕ್ಕ ಅಣುವಾಗಿ ನಿಲ್ಲುತ್ತದೆ. ಅದು ಎಣ್ಣೆ. ಹೈಡ್ರೋಜನ್ ಸಿಗದೆ ಪಕ್ಕದ ಇನ್ನೊಂದು ತುಂಡು ಸಿಕ್ಕರೆ ಎರಡೂ ಸೇರಿ ಮೊದಲಿಗಿಂತ ದೊಡ್ಡದಾದ, ಮೊದಲಿಗಿಂತ ಗಟ್ಟಿಯಾದ ಅಣುವಾಗುತ್ತದೆ. ಅದು ಕೋಕ್. ಒಮ್ಮೆ ಕೋಕ್ ಆದದ್ದನ್ನು ಎಣ್ಣೆಯಾಗಿಸುವುದು ಹೆಚ್ಚುಕಡಿಮೆ ಅಸಾಧ್ಯ, ಮೇಲಾಗಿ ಅದು ಪಾತ್ರೆಯ ಗೋಡೆಗೆ, ಕೊಳವೆಗಳಿಗೆ ಹತ್ತಿಕೊಂಡು ಇಡೀ ಸ್ಥಾವರವನ್ನೇ ನಿಲ್ಲಿಸುತ್ತದೆ. ಗಾಳಿಯಿಲ್ಲದೆ ಕಲ್ಲಿದ್ದಲನ್ನು ಬರೀ ಕಾಯಿಸಿದರೆ ಸ್ವಲ್ಪ ಡಾಂಬರು, ಬಹುಪಾಲು ಕೋಕ್ ಬರುವುದು ಇದೇ ಕಾರಣಕ್ಕೆ. ಉಕ್ಕಿನ ಕಾರ್ಖಾನೆಗೆ ಬೇಕಾಗುವುದೂ ಆ ಕೋಕ್‌ ತಾನೇ. ಎಣ್ಣೆ ಬೇಕೆನ್ನುವವರು ಮಾತ್ರ ಬಂಧ ಮುರಿದ ಕ್ಷಣದಲ್ಲಿ, ಮುರಿದ ಜಾಗದಲ್ಲೇ ಹೈಡ್ರೋಜನ್ ಸಿಗುವಂತೆ ನೋಡಿಕೊಳ್ಳಬೇಕು.

ಸಾಕಷ್ಟು ಹೈಡ್ರೋಜನ್ ಅನಿಲ ತುಂಬಿದರಾಯಿತಲ್ಲ ಎಂದು ನೀವು ಕೇಳಬಹುದು. ಅನಿಲದಲ್ಲಿರುವ ಹೈಡ್ರೋಜನ್ ಒಂಟಿ ಪರಮಾಣುವಲ್ಲ. ಎರಡು ಪರಮಾಣುಗಳು 436 ಕಿಲೋಜೂಲಿನ ಬಂಧದಿಂದ ಹೆಣೆದುಕೊಂಡಿರುತ್ತವೆ. ಮೇಲಿನ ಪಟ್ಟಿಯಲ್ಲಿ ಈ ಅಂಕಿ ಎಲ್ಲಿ ಬರುತ್ತದೆ ನೋಡಿ: ಗಟ್ಟಿ ಬಂಧಗಳ ಸಾಲಿನಲ್ಲಿ. 450 ಡಿಗ್ರಿಯಲ್ಲಿ ಹೈಡ್ರೋಜನ್ ಅಣು ತಾನಾಗಿ ಬಿಡಿಸಿಕೊಳ್ಳುವುದೇ ಇಲ್ಲ ಎನ್ನಬಹುದು. ಸುತ್ತಲೂ ಹೈಡ್ರೋಜನ್ ತುಂಬಿದ್ದರೂ ತುಂಡುಗಳಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ವೇಗವರ್ಧಕದ ಮೊದಲ ಕೆಲಸ ಇರುವುದು ಇಲ್ಲಿ.

ಆ ಕೆಲಸ ಎಲ್ಲಿ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಥ ವೇಗವರ್ಧಕಗಳಲ್ಲಿ ಒಂದಾದ ಮಾಲಿಬ್ಡಿನಂ ಸಲ್ಫೈಡ್ ಎಂಬ ಕಪ್ಪು ಪುಡಿ ಪದರ ಪದರವಾಗಿರುತ್ತದೆ. ಪ್ರತಿ ಪದರದಲ್ಲಿ ಮೇಲೆ ಕೆಳಗೆ ಗಂಧಕ, ನಡುವೆ ಮಾಲಿಬ್ಡಿನಂ. ಪದರದ ಅಗಲವಾದ ಮುಖ ಹೆಚ್ಚುಕಡಿಮೆ ನಿಷ್ಕ್ರಿಯ, ಅಲ್ಲಿ ಏನೂ ನಡೆಯುವುದಿಲ್ಲ. ನಡೆಯುವುದೆಲ್ಲ ಅಂಚಿನಲ್ಲಿ. ಬಿಸಿ ಹೈಡ್ರೋಜನ್ ತಾಗಿದಾಗ ಅಂಚಿನ ಕೆಲವು ಗಂಧಕ ಪರಮಾಣುಗಳು ಹೈಡ್ರೋಜನ್ ಸಲ್ಫೈಡ್ ಆಗಿ ಎದ್ದು ಹೋಗುತ್ತವೆ, ಅವು ಬಿಟ್ಟುಹೋದ ಕಡೆ ಮಾಲಿಬ್ಡಿನಂ ಬರಿದಾಗಿ ನಿಲ್ಲುತ್ತದೆ. ಹೈಡ್ರೋಜನ್ ಅಣು ಆ ಖಾಲಿ ಜಾಗಕ್ಕೆ ಬಂದು ಕೂತರೆ ಎರಡು ಪರಮಾಣುಗಳಾಗಿ ಒಡೆಯುತ್ತದೆ: ಒಂದು ಲೋಹಕ್ಕೆ, ಇನ್ನೊಂದು ಪಕ್ಕದ ಗಂಧಕಕ್ಕೆ ಅಂಟುತ್ತದೆ. ಹೀಗೆ ಅಂಟಿದ ಪರಮಾಣುಗಳು ಬೇರೆ ಅಣುಗಳಿಗೆ ಸುಲಭವಾಗಿ ದಕ್ಕುತ್ತವೆ. ಅವನ್ನು ಕೊಟ್ಟ ಮೇಲೆ ಅಂಚು ಮತ್ತೆ ಖಾಲಿ, ಮುಂದಿನ ಅಣುವಿಗೆ ಸಿದ್ಧ. ಸ್ವಲ್ಪ ಕೋಬಾಲ್ಟ್ ಅಥವಾ ನಿಕಲ್ ಬೆರೆಸಿದರೆ ಈ ಅಂಚುಗಳು ಇನ್ನೂ ಚುರುಕಾಗುತ್ತವೆ.

ಆದರೆ ಕಲ್ಲಿದ್ದಲೂ ಘನ, ವೇಗವರ್ಧಕವೂ ಘನ. ಕಲ್ಲಿದ್ದಲಿನ ಚೂರಿನ ಒಳಗೆ ಬಂಧ ಮುರಿಯುವಾಗ ವೇಗವರ್ಧಕದ ಕಣ ಅಲ್ಲಿಗೆ ನುಗ್ಗಲಾರದು. ಅದಕ್ಕೇ ಕಲ್ಲಿದ್ದಲಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಗಂಜಿಯಂತೆ ಮಾಡುತ್ತಾರೆ. ಈ ಎಣ್ಣೆಯಲ್ಲಿ ಟೆಟ್ರಾಲಿನ್‌ನಂಥ ಅಣುಗಳಿದ್ದರೆ ಒಳ್ಳೆಯದು. ಟೆಟ್ರಾಲಿನ್‌ನ ಎರಡು ಉಂಗುರಗಳಲ್ಲಿ ಒಂದು ಪೂರ್ತಿ ಬೆನ್ಜೀನ್ ತರಹದ್ದು, ಇನ್ನೊಂದರಲ್ಲಿ ನಾಲ್ಕು ಹೆಚ್ಚುವರಿ ಹೈಡ್ರೋಜನ್ ಇವೆ. ಆ ನಾಲ್ಕನ್ನೂ ಬಿಟ್ಟುಕೊಟ್ಟರೆ ಅದು ನ್ಯಾಫ್ತಲೀನ್ ಆಗುತ್ತದೆ. ಬಟ್ಟೆ ಬೀರುವಿನ ನುಸಿಗುಳಿಗೆಗಳಿಂದ ನಮಗೆಲ್ಲ ಪರಿಚಯವಾದ ಅದೇ ನ್ಯಾಫ್ತಲೀನ್. ನ್ಯಾಫ್ತಲೀನ್ ಆದರೆ ಎರಡೂ ಉಂಗುರಗಳಿಗೆ ಬೆನ್ಜೀನಿನ ಸ್ಥಿರತೆ ಸಿಗುವುದರಿಂದ ಟೆಟ್ರಾಲಿನ್ ಆ ಹೈಡ್ರೋಜನ್‌ಗಳನ್ನು ಸುಲಭವಾಗಿಯೇ ಕೊಡುತ್ತದೆ. ದ್ರವವಾದ್ದರಿಂದ ಕಲ್ಲಿದ್ದಲಿನ ಸಂದುಗೊಂದಿಗೂ ಹೋಗಬಲ್ಲದು. ಬರಿದಾದ ನ್ಯಾಫ್ತಲೀನ್ ಮರಳಿ ವೇಗವರ್ಧಕದ ಅಂಚಿಗೆ ಬಂದು ಮತ್ತೆ ಹೈಡ್ರೋಜನ್ ತುಂಬಿಕೊಳ್ಳುತ್ತದೆ. 1960ರ ದಶಕದಲ್ಲಿ ಅಮೆರಿಕದ ಕರನ್, ಸ್ಟ್ರಕ್ ಮತ್ತು ಗೋರಿನ್ ಎಂಬ ಸಂಶೋಧಕರು ಇದೇ ಚಿತ್ರಕ್ಕೆ ಸ್ಪಷ್ಟ ರೂಪ ಕೊಟ್ಟರು: ಶಾಖ ಮುರಿಯುತ್ತದೆ, ದ್ರಾವಕ ಹೈಡ್ರೋಜನ್ ಕೊಡುತ್ತದೆ. ಈ ಚಿತ್ರದಲ್ಲಿ ವೇಗವರ್ಧಕ ತೆರೆಮರೆಯಲ್ಲಿ ದ್ರಾವಕಕ್ಕೆ ಹೈಡ್ರೋಜನ್ ತುಂಬಿಸಿಕೊಡುವ ಪಾತ್ರಧಾರಿ ಮಾತ್ರ.

ಬಹುಕಾಲ ಎಲ್ಲರೂ ಇಷ್ಟೇ ಎಂದು ನಂಬಿದ್ದರು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದನ್ನು ಹೇಳುವ ಮುಂಚೆ, ಮೊದಲ ವೇಗವರ್ಧಕ ಇಲ್ಲಿಗೆ ಕಾಲಿಟ್ಟ ಬಗೆಯನ್ನು ಹೇಳಬೇಕು.

ಜರ್ಮನಿಯ ಫ್ರೀಡ್ರಿಶ್ ಬೆರ್ಗಿಯುಸ್ ಕಲ್ಲಿದ್ದಲಿಗೆ ಅಧಿಕ ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿ ಎಣ್ಣೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1913ರಲ್ಲಿ. ಆತನ ಮೂಲ ಆಸಕ್ತಿ, ಭೂಗರ್ಭದಲ್ಲಿ ಸಸ್ಯಗಳು ಕಲ್ಲಿದ್ದಲಾದದ್ದು ಹೇಗೆ ಎಂಬುದು. ಸಸ್ಯದ್ರವ್ಯವನ್ನು ನೀರಿನೊಡನೆ ಬಿಸಿಮಾಡಿ ಒತ್ತಡ ಹಾಕಿ ಕೃತಕ ಕಲ್ಲಿದ್ದಲು ತಯಾರಿಸಿದ, ಆಮೇಲೆ ಅದಕ್ಕೆ ಹೈಡ್ರೋಜನ್ ಸೇರಿಸಿ ನೋಡಿದ. ವೇಗವರ್ಧಕದ ಮೇಲೆ ಆತನಿಗೆ ಭರವಸೆ ಇರಲಿಲ್ಲ. ಅಂದಿನ ರಸಾಯನ ವಿಜ್ಞಾನದ ಪ್ರಕಾರ ಗಂಧಕ ವೇಗವರ್ಧಕಗಳಿಗೆ ವಿಷ, ಕಲ್ಲಿದ್ದಲಿನ ತುಂಬ ಗಂಧಕವಿರುವಾಗ ಯಾವ ವೇಗವರ್ಧಕ ತಾನೇ ಬದುಕೀತು? ಆ ಗಂಧಕವನ್ನು ಹೀರಿಕೊಳ್ಳಲೆಂದೇ ಆತ ಲುಕ್ಸ್‌ಮಾಸೆ ಎಂಬ ಕಬ್ಬಿಣದ ಆಕ್ಸೈಡ್ ತುಂಬಿದ ಪುಡಿಯನ್ನು ಸೇರಿಸುತ್ತಿದ್ದ. ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಅಗ್ಗದ ಪದಾರ್ಥ ಅದು. ಗಂಧಕ ಹೀರಿಕೊಂಡ ಆ ಕಬ್ಬಿಣ ಐರನ್ ಸಲ್ಫೈಡ್ ಆಗುತ್ತಿತ್ತು, ಆ ಸಲ್ಫೈಡೇ ವೇಗವರ್ಧಕದ ಕೆಲಸ ಮಾಡುತ್ತಿತ್ತು. ವೇಗವರ್ಧಕಗಳಿಗೆ ವಿಷ ಎಂದುಕೊಂಡಿದ್ದ ಗಂಧಕವೇ ವೇಗವರ್ಧಕವನ್ನು ತಯಾರಿಸುತ್ತಿತ್ತು.

ಬಾಕ್ಸೈಟಿನ ಆ ಉಳಿಕೆಯನ್ನು ನಮ್ಮ ರಾಜ್ಯದಲ್ಲೇ ನೋಡಬಹುದು. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಿಂದ ಹೊರಬೀಳುವ ಕೆಂಪು ಕೆಸರು ಅದೇ ಜಾತಿಯದು, ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಮುಂದೆ ಜರ್ಮನಿಯ ದೊಡ್ಡ ಸ್ಥಾವರಗಳೂ ಇಂಥ ಕೆಂಪು ಕೆಸರನ್ನೇ ಕಲ್ಲಿದ್ದಲಿನ ಗಂಜಿಗೆ ಬೆರೆಸಿದವು. ಕಾರಣ ಸರಳ. ಕಲ್ಲಿದ್ದಲಿನ ಬೂದಿಯ ಜೊತೆ ವೇಗವರ್ಧಕವೂ ಹೊರಬಿದ್ದು ಹೋಗುತ್ತದೆ, ಅದನ್ನು ಬೇರ್ಪಡಿಸಿ ಮತ್ತೆ ಬಳಸುವುದು ಆಗದ ಮಾತು. ಒಮ್ಮೆ ಬಳಸಿ ಬಿಸಾಡಬೇಕಾದ ವಸ್ತು ಅಗ್ಗದ್ದೇ ಆಗಿರಬೇಕು. ಎಷ್ಟೋ ಕಲ್ಲಿದ್ದಲುಗಳಲ್ಲಿ ಇದಕ್ಕಿಂತ ಅಗ್ಗದ ವೇಗವರ್ಧಕ ಒಳಗೇ ಇರುತ್ತದೆ. ಗಂಧಕ ಹೆಚ್ಚಿರುವ ಕಲ್ಲಿದ್ದಲಿನ ಹೆಂಟೆ ಒಡೆದು ಬಿಸಿಲಿಗೆ ಹಿಡಿದರೆ ಹಿತ್ತಾಳೆಯಂತೆ ಮಿನುಗುವ ಚುಕ್ಕೆಗಳೋ ಗೆರೆಗಳೋ ಕಾಣಬಹುದು. ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ. ಕುಲುಮೆಯಲ್ಲಿ ಹೈಡ್ರೋಜನ್ ತಾಗಿದೊಡನೆ ಪೈರೈಟ್ ಅರ್ಧ ಗಂಧಕ ಕಳೆದುಕೊಂಡು ಪಿರ‍್ಹೊಟೈಟ್ ಆಗುತ್ತದೆ. ಅದರ ಹರಳಿನಲ್ಲಿ ಅಲ್ಲಲ್ಲಿ ಕಬ್ಬಿಣದ ಪರಮಾಣುಗಳ ಜಾಗ ಖಾಲಿ. ದ್ರವೀಕರಣದಲ್ಲಿ ಕೆಲಸಕ್ಕೆ ಬರುವ ಕಬ್ಬಿಣದ ರೂಪ ಇದೇ ಎಂದು ಪರಿಗಣಿಸಲಾಗಿದೆ. ಗಂಧಕ ಹೆಚ್ಚಿದ್ದು ಬೂದಿ ಕಡಿಮೆ ಇರುವ ಅಸ್ಸಾಮಿನ ಮಾಕುಂ ಕ್ಷೇತ್ರದ ಕಲ್ಲಿದ್ದಲು ದ್ರವೀಕರಣಕ್ಕೆ ತಕ್ಕದ್ದೆಂದು ನಮ್ಮ ವಿಜ್ಞಾನಿಗಳು ಮತ್ತೆ ಮತ್ತೆ ಅದರತ್ತ ನೋಡಿರುವುದು ಈ ಹಿನ್ನೆಲೆಯಲ್ಲಿ.

ಗಂಧಕಕ್ಕೆ ಹೆದರದ ವೇಗವರ್ಧಕಗಳನ್ನು ಬೇಕೆಂದೇ ಹುಡುಕಿದವನು ಲುಡ್ವಿಗ್ಸ್‌ಹಾಫೆನ್‌ನ ಮಥಿಯಾಸ್ ಪಿಯರ್. ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್ ಸಲ್ಫೈಡುಗಳು ಅವನ ತಂಡದಿಂದ ಬಂದವು. ಅದಕ್ಕಿಂತ ಮುಖ್ಯವಾಗಿ ಅವನು ಕೆಲಸವನ್ನು ಎರಡು ಹಂತ ಮಾಡಿದ. ಮೊದಲ ಹಂತದಲ್ಲಿ ಕಲ್ಲಿದ್ದಲಿನ ಗಂಜಿಯಿಂದ ಮಂದ ಎಣ್ಣೆ, ಅಲ್ಲಿ ಅಗ್ಗದ ಕಬ್ಬಿಣ. ಎರಡನೆಯದರಲ್ಲಿ ಆ ಎಣ್ಣೆಯ ಆವಿಯಿಂದ ಪೆಟ್ರೋಲ್, ಬೂದಿಯ ಕಾಟವಿಲ್ಲದ ಅಲ್ಲಿ ದುಬಾರಿ ಟಂಗ್‌ಸ್ಟನ್. 1927ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಕಂದು ಕಲ್ಲಿದ್ದಲಿನಿಂದ ಪೆಟ್ರೋಲ್ ತಯಾರಿಸುವ ದೊಡ್ಡ ಸ್ಥಾವರ ಶುರುವಾಯಿತು. ಅಧಿಕ ಒತ್ತಡದ ವಿಧಾನಗಳಿಗಾಗಿ 1931ರ ನೊಬೆಲ್ ಬಹುಮಾನವನ್ನು ಬೆರ್ಗಿಯುಸ್ ಮತ್ತು ಕಾರ್ಲ್ ಬಾಷ್ ಹಂಚಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಹಾರಿದ್ದು ಬಹುಪಾಲು ಇಂಥ 12 ಸ್ಥಾವರಗಳ ಪೆಟ್ರೋಲಿನಿಂದ. 1944ರ ಮೇ 12ರಿಂದ ಮಿತ್ರರಾಷ್ಟ್ರಗಳು ಇವುಗಳ ಮೇಲೆ ಬಾಂಬ್ ದಾಳಿ ಶುರುಮಾಡಿದ ಕೆಲವೇ ತಿಂಗಳಲ್ಲಿ ವಿಮಾನ ಇಂಧನದ ಉತ್ಪಾದನೆ ನೆಲಕಚ್ಚಿತು. ಈ ಚರಿತ್ರೆ ಹೇಳುವಾಗ ಬ್ಲೆಖ್‌ಹ್ಯಾಮರ್‌ನಂಥ ಸ್ಥಾವರಗಳಲ್ಲಿ ಆಶ್‌ವಿಟ್ಜ್ ಕೈದಿಗಳನ್ನು ಜೀತದಾಳುಗಳಂತೆ ದುಡಿಸಿ ಕೊಂದದ್ದನ್ನು ಬಿಟ್ಟು ಬರೀ ರಸಾಯನ ವಿಜ್ಞಾನವನ್ನು ಮೆಚ್ಚುವುದು ನನ್ನಿಂದಾಗದು.

ಈಗ ಆ ಗಟ್ಟಿ ಬಂಧಗಳ ವಿಷಯ. ಶಾಖಕ್ಕೆ ಸಾವಿರ ವರ್ಷ ಬೇಕಾದ ಬಂಧಗಳೂ ಸ್ಥಾವರಗಳಲ್ಲಿ ತಕ್ಕಮಟ್ಟಿಗೆ ಮುರಿಯುತ್ತಿದ್ದವು. ಶಾಖ ಮುರಿಯುತ್ತದೆ, ದ್ರಾವಕ ಹೈಡ್ರೋಜನ್ ಕೊಡುತ್ತದೆ ಎಂಬ ಚಿತ್ರದಲ್ಲಿ ಇದಕ್ಕೆ ಜಾಗವಿರಲಿಲ್ಲ. ಕಲ್ಲಿದ್ದಲಿನಲ್ಲೇ ಪರೀಕ್ಷೆ ಮಾಡಿ ತಿಳಿಯೋಣವೆಂದರೆ ಅದು ಲಕ್ಷ ಬಗೆಯ ಅಣುಗಳ ಕಲಸುಮೇಲೋಗರ, ಯಾವ ಬಂಧ ಎಲ್ಲಿ ಮುರಿಯಿತೆಂದು ಪತ್ತೆ ಹಚ್ಚುವುದು ಕಷ್ಟ. ಆದ್ದರಿಂದ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದ ಇಂಧನ ಇಲಾಖೆಯ ಪ್ರಯೋಗಾಲಯದಲ್ಲಿ ಮಲ್ವಿನಾ ಫಾರ್ಕಾಸಿಯು ಮತ್ತು ಶಾರ್ಲೀನ್ ಸ್ಮಿತ್ ಬೇರೆ ದಾರಿ ಹಿಡಿದರು. ಕಲ್ಲಿದ್ದಲಿನ ಕೊಂಡಿಗಳನ್ನು ಒಂದೇ ಅಣುವಿನಲ್ಲಿ ಜೋಡಿಸಿಕೊಂಡರು. ಅದರ ಒಂದು ತುದಿಯಲ್ಲಿ ನ್ಯಾಫ್ತಲೀನ್, ಅದಕ್ಕೆ ಒಂದು ಇಂಗಾಲದ ಕೊಂಡಿ, ನಡುವೆ ಬೆನ್ಜೀನ್ ಉಂಗುರ, ಅಲ್ಲಿಂದ ಎರಡು ಇಂಗಾಲದ ಕೊಂಡಿ, ಕೊನೆಗೆ ಇನ್ನೊಂದು ಬೆನ್ಜೀನ್ ಉಂಗುರ. ಎರಡು ಇಂಗಾಲದ ಕೊಂಡಿ ದುರ್ಬಲ. ನ್ಯಾಫ್ತಲೀನಿಗೆ ಅಂಟಿದ ಬಂಧ ಗಟ್ಟಿ. ಕ್ರಿಯೆ ಮುಗಿದ ಮೇಲೆ ಸಿಗುವ ತುಂಡುಗಳನ್ನು ನೋಡಿದರೆ ಯಾವುದು ಮುರಿಯಿತೆಂದು ಗೊತ್ತಾಗುತ್ತದೆ.

ಬರೀ ಶಾಖದಲ್ಲಿ ಮುಖ್ಯವಾಗಿ ಮುರಿದದ್ದು ದುರ್ಬಲ ಕೊಂಡಿ. ಇದು ಎಲ್ಲರೂ ಎದುರುನೋಡಿದ್ದೇ. ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಇಂಗಾಲದ ಮಸಿಯನ್ನು ವೇಗವರ್ಧಕವಾಗಿ ಸೇರಿಸಿದಾಗ ಫಲಿತಾಂಶ ತಿರುಗಿಬಿತ್ತು: ದುರ್ಬಲ ಕೊಂಡಿ ಉಳಿದುಕೊಂಡಿತು, ನ್ಯಾಫ್ತಲೀನಿಗೆ ಅಂಟಿದ ಗಟ್ಟಿ ಬಂಧ ಮುರಿಯಿತು. 1991ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸುಂದರವಾಗಿ ಕಾಣುತ್ತದೆ. ವೇಗವರ್ಧಕವು ಶಾಖ ಮಾಡುವ ಕೆಲಸವನ್ನೇ ಬೇಗ ಮಾಡುತ್ತಿದ್ದರೆ ದುರ್ಬಲ ಕೊಂಡಿಯೇ ಮೊದಲು ಹೋಗಬೇಕಿತ್ತು. ಹೋಗಲಿಲ್ಲ. ಅಂದರೆ ಅದು ಬೇರೆಯದೇ ದಾರಿ ತೆರೆಯುತ್ತದೆ.

ಯಾವ ದಾರಿ? ಕಾರ್ಬನ್ ಬ್ಲ್ಯಾಕ್ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನು ದುರ್ಬಲಗೊಳಿಸುತ್ತದೆ ಎಂಬುದು ಪಿಟ್ಸ್‌ಬರ್ಗ್ ತಂಡದ ವಿವರಣೆ. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಿಲನ್, ಮಲ್ಹೋತ್ರಾ ಮತ್ತು ಸಂಗಡಿಗರು ಹೈಡ್ರೋಜನ್ ಪರಮಾಣುವಿನ ವರ್ಗಾವಣೆಗೆ ಒತ್ತು ಕೊಟ್ಟರು. ವಿವರಗಳಲ್ಲಿ ಜಗಳವಿದ್ದರೂ ಹೈಡ್ರೋಜನ್ ದಾರಿ ಅರ್ಥಮಾಡಿಕೊಳ್ಳಲು ಸುಲಭ, ಸ್ಥಾವರದ ಪರಿಸ್ಥಿತಿಗೆ ಅದು ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಉಂಗುರದಲ್ಲಿ ಕೊಂಡಿ ಅಂಟಿರುವ ಇಂಗಾಲವಿದೆಯಲ್ಲ, ಸರಿಯಾಗಿ ಅದರ ಮೇಲೆಯೇ ಒಂದು ಹೈಡ್ರೋಜನ್ ಪರಮಾಣು ಬಂದು ಕೂರುತ್ತದೆ. ಆ ಕ್ಷಣದಲ್ಲಿ ಉಂಗುರ ತನ್ನ ಬೆನ್ಜೀನ್ ಸ್ಥಿರತೆಯನ್ನು ಕಳೆದುಕೊಳ್ಳುತ್ತದೆ. ಅದನ್ನು ಮರಳಿ ಪಡೆಯಲು ಎರಡೇ ದಾರಿ: ಬಂದ ಹೈಡ್ರೋಜನ್‌ನ್ನು ಹೊರಹಾಕಬೇಕು, ಇಲ್ಲವೇ ಕೊಂಡಿಯನ್ನು ಬಿಡಬೇಕು. ಉಂಗುರಕ್ಕೂ ಹೈಡ್ರೋಜನ್‌ಗೂ ನಡುವಿನ ಬಂಧವೇ ಹೆಚ್ಚು ಬಲವಾದ್ದರಿಂದ ಕೊಂಡಿ ಕಳಚುತ್ತದೆ. 375 ಕಿಲೋಜೂಲ್ ಕೇಳುತ್ತಿದ್ದ ಬಂಧ ಈಗ ಅದರ ಒಂದು ಪಾಲಿನಷ್ಟು ಶಕ್ತಿಯಲ್ಲೇ ಮುರಿಯುತ್ತದೆ. ವೇಗವರ್ಧಕ ಅದನ್ನು ಬಲದಿಂದ ಎಳೆದು ತುಂಡರಿಸಲಿಲ್ಲ. ಹೈಡ್ರೋಜನ್ ಒದಗಿಸಿ, ಆ ಬಂಧ ಉಳಿಯಲು ಕಾರಣವೇ ಇಲ್ಲದ ಸ್ಥಿತಿಯನ್ನು ಹುಟ್ಟಿಸಿತು. ನಿಮ್ಮ ‘ಭಾಗವಹಿಸದೆ ಮುರಿಯುವುದು ಹೇಗೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು.

ಈ ತಿಳಿವಳಿಕೆಯಿಂದ ವೇಗವರ್ಧಕವನ್ನು ಎಷ್ಟು ನುಣ್ಣಗೆ, ಎಷ್ಟು ಹತ್ತಿರ ತರುತ್ತೇವೆ ಎಂಬುದಕ್ಕೆ ಮಹತ್ವ ಬಂತು. ಚೀನಾದ ಇನ್ನರ್ ಮಂಗೋಲಿಯಾದ ಓರ್ಡೋಸ್‌ನಲ್ಲಿ ಶೆನ್‌ಹುವಾ ಕಂಪನಿ 2008ರ ಕೊನೆಯಲ್ಲಿ ಚಾಲೂ ಮಾಡಿದ ಸ್ಥಾವರದಲ್ಲಿ ಕಬ್ಬಿಣದ ಅತಿಸೂಕ್ಷ್ಮ ಕಣಗಳನ್ನು ಕಲ್ಲಿದ್ದಲಿನ ಪುಡಿಯ ಮೈಮೇಲೆಯೇ ಕೂರಿಸಿ, ಗಂಧಕ ಸೇರಿಸಿ ಒಳಬಿಡುತ್ತಾರೆ. ಉಷ್ಣತೆ 450 ಡಿಗ್ರಿ ದಾಟುತ್ತದೆ, ಒತ್ತಡ ವಾಯುಮಂಡಲದ ಸುಮಾರು 190 ಪಟ್ಟು. ಕಬ್ಬಿಣಯುಕ್ತ ಕೆಸರು ಬೆರೆಸಿದ ಜರ್ಮನಿಯ ಕೆಲವು ಸ್ಥಾವರಗಳಿಗೆ 700 ಪಟ್ಟಿನವರೆಗೆ ಒತ್ತಡ ಬೇಕಾಗಿತ್ತು. ಶೆನ್‌ಹುವಾ ಸ್ಥಾವರದ ಸಾಮರ್ಥ್ಯ ವರ್ಷಕ್ಕೆ ಸುಮಾರು 10 ಲಕ್ಷ ಟನ್ ತೈಲ.

ಇನ್ನು ಶಕ್ತಿನಗರದ ಕಲ್ಲಿದ್ದಲು. ಸಿಂಗರೇಣಿಯಿಂದ, ಮಹಾನದಿ ಮತ್ತು ಪಶ್ಚಿಮ ಕಲ್ಲಿದ್ದಲು ಕ್ಷೇತ್ರಗಳಿಂದ ಅಲ್ಲಿಗೆ ಬರುವುದು ಗೊಂಡ್ವಾನ ಕಾಲದ ಕಲ್ಲಿದ್ದಲು. ಭಾರತದ ಇಂಥ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇ 30ರಿಂದ 45. ನೇರ ದ್ರವೀಕರಣಕ್ಕೆ ಇದು ದೊಡ್ಡ ಅಡ್ಡಿ. ಬೂದಿಯೆಂದರೆ ಮರಳು, ಜೇಡಿಯಂಥ ಖನಿಜ. ಅದು ಎಣ್ಣೆಯಾಗುವುದಿಲ್ಲ, ಆದರೂ ಅದನ್ನು ಬಿಸಿಮಾಡಬೇಕು, ಒತ್ತಡಕ್ಕೇರಿಸಬೇಕು, ಕೊನೆಗೆ ಹೊರತೆಗೆಯಬೇಕು. ನೂರಾರು ವಾಯುಮಂಡಲದ ಒತ್ತಡದಿಂದ ಈ ಗಂಜಿ ಹೊರಬರುವ ವಾಲ್ವಿನ ಮೂಲಕ ಮರಳಿನ ಕಣಗಳು ನುಗ್ಗುವಾಗ ಗಟ್ಟಿ ಲೋಹವೂ ಸವೆದು ಹೋಗುತ್ತದೆ. ಅಮೆರಿಕದ ಪ್ರಾಯೋಗಿಕ ಸ್ಥಾವರಗಳಲ್ಲಿ ಎಂಜಿನಿಯರುಗಳ ನಿದ್ದೆಗೆಡಿಸಿದ್ದು ಈ ವಾಲ್ವುಗಳೇ. ಬೂದಿಯ ಜೊತೆ ಒಂದಷ್ಟು ಎಣ್ಣೆಯೂ ಅಂಟಿಕೊಂಡು ನಷ್ಟವಾಗುತ್ತದೆ. ಆದ್ದರಿಂದ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಪ್ರಯೋಗಾಲಯದಲ್ಲಿ ಎಣ್ಣೆ ಬಂದೀತು, ವ್ಯವಹಾರಕ್ಕೆ ಹೊಂದುವುದಿಲ್ಲ.

ಬೂದಿ ಹೆಚ್ಚಿರುವ ಕಲ್ಲಿದ್ದಲಿಗೆ ಇನ್ನೊಂದು ದಾರಿಯಿದೆ. ಬಂಧಗಳನ್ನು ಆರಿಸಿ ಮುರಿಯುವ ಗೋಜಿಗೇ ಹೋಗದೆ ಹಬೆ ಮತ್ತು ಆಮ್ಲಜನಕದಿಂದ ಎಲ್ಲವನ್ನೂ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲವಾಗಿಸುವುದು, ಆಮೇಲೆ ಆ ಅನಿಲದಿಂದ ಮರಳಿ ಎಣ್ಣೆ ಕಟ್ಟುವುದು. 1920ರ ದಶಕದಲ್ಲಿ ಫ್ರಾನ್ಜ್ ಫಿಶರ್ ಮತ್ತು ಹಾನ್ಸ್ ಟ್ರಾಪ್ಶ್ ಮ್ಯುಲ್‌ಹೈಮ್‌ನಲ್ಲಿ ರೂಪಿಸಿದ ಈ ವಿಧಾನದ ಮೇಲೆ ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ 1955ರಿಂದ ನಿಂತಿದೆ. ಇಲ್ಲಿನ ವೇಗವರ್ಧಕ ಮುರಿಯಬೇಕಾದದ್ದು ಕಾರ್ಬನ್ ಮಾನಾಕ್ಸೈಡಿನ ಬಂಧ. 1,072 ಕಿಲೋಜೂಲ್! ನಮಗೆ ಗೊತ್ತಿರುವ ಎರಡು ಪರಮಾಣುಗಳ ಬಂಧಗಳಲ್ಲಿ ಅತಿ ಬಲವಾದವುಗಳ ಪೈಕಿ ಅದೂ ಒಂದು. ಕಬ್ಬಿಣದ ಮೈಗೆ ಅಂಟಿಕೊಂಡು ಅದು 200–350 ಡಿಗ್ರಿಯಲ್ಲೇ ಬಿಡಿಸಿಕೊಳ್ಳುತ್ತದೆ. ಭಾರತವೂ ಈ ಅನಿಲೀಕರಣದ ಕಡೆಗೇ ಹೊರಳಿದೆ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿಯಿಟ್ಟು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿತು. ಈ ಹಾದಿಯೂ ಸಲೀಸಲ್ಲ. ಕಲ್ಲಿದ್ದಲಿನಿಂದ ಅನಿಲ ಮಾಡಿ ರಸಗೊಬ್ಬರ ತಯಾರಿಸುತ್ತಿದ್ದ ರಾಮಗುಂಡಂ ಕಾರ್ಖಾನೆ, ಸಿಂಗರೇಣಿಯ ಸೆರಗಿನಲ್ಲೇ ಇದ್ದರೂ, 1999ರಲ್ಲಿ ಬಾಗಿಲು ಹಾಕಿತು. ಈಗ ಅಲ್ಲಿ ನೈಸರ್ಗಿಕ ಅನಿಲದಿಂದ ಗೊಬ್ಬರ ತಯಾರಾಗುತ್ತಿದೆ.

ದಾರಿ ಯಾವುದಾದರೂ ಒಂದು ಲೆಕ್ಕ ತಪ್ಪುವುದಿಲ್ಲ. ಕಲ್ಲಿದ್ದಲಿನಲ್ಲಿ 10 ಇಂಗಾಲಕ್ಕೆ ಏಳೆಂಟು ಹೈಡ್ರೋಜನ್, ಪೆಟ್ರೋಲ್–ಡೀಸೆಲ್‌ನಲ್ಲಿ 10ಕ್ಕೆ ಸುಮಾರು 20. ಕೊರತೆಯ ಹೈಡ್ರೋಜನ್‌ನ್ನು ನೀರಿನಿಂದ ತೆಗೆಯಬೇಕು, ಅದಕ್ಕೂ ಸಾಮಾನ್ಯವಾಗಿ ಕಲ್ಲಿದ್ದಲನ್ನೇ ಖರ್ಚು ಮಾಡುತ್ತಾರೆ, ಆ ಇಂಗಾಲವೆಲ್ಲ ಕಾರ್ಬನ್ ಡೈ ಆಕ್ಸೈಡ್ ಆಗಿ ಹೊರಹೋಗುತ್ತದೆ. ಸಾಸೋಲ್‌ನ ಸೆಕುಂಡಾ ಸ್ಥಾವರ ಜಗತ್ತಿನಲ್ಲಿ ಒಂದೇ ಜಾಗದಿಂದ ಅತಿ ಹೆಚ್ಚು ಕಾರ್ಬನ್ ಡೈ ಆಕ್ಸೈಡ್ ಬಿಡುವ ತಾಣಗಳ ಮುಂಚೂಣಿಯಲ್ಲಿದೆ. ಹವಾಮಾನದ ಇಂದಿನ ಸ್ಥಿತಿಯಲ್ಲಿ ವಾಹನಗಳಿಗೆ ಇಂಧನ ಬೇಕೆಂದು ಹೊಸ ದ್ರವೀಕರಣ ಸ್ಥಾವರ ಕಟ್ಟುವುದನ್ನು ನಾನು ಒಪ್ಪಲಾರೆ.

ಈ ರಸಾಯನ ವಿಜ್ಞಾನ ಮಾತ್ರ ವ್ಯರ್ಥವಾಗಿಲ್ಲ. ಪಿಯರ್‌ನ ಎರಡನೇ ಹಂತದಿಂದಲೇ ಇಂದಿನ ತೈಲ ಶುದ್ಧೀಕರಣಾಗಾರಗಳ ಹೈಡ್ರೋಕ್ರ್ಯಾಕರ್ ಬೆಳೆದುಬಂದಿದೆ. ಮಂಗಳೂರಿನ ಎಂ.ಆರ್.ಪಿ.ಎಲ್.ನಲ್ಲಿ ಅಂಥ ಘಟಕಗಳಿವೆ. ಕಚ್ಚಾ ತೈಲದ ಭಾರವಾದ ಭಾಗವನ್ನು ಅಧಿಕ ಒತ್ತಡದ ಹೈಡ್ರೋಜನ್‌ನೊಡನೆ ವೇಗವರ್ಧಕಗಳ ಮೇಲೆ ಹಾಯಿಸಿ ಡೀಸೆಲ್ ಮಾಡುವುದು ಅಲ್ಲಿನ ಕೆಲಸ. ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಮಾಲಿಬ್ಡಿನಂ ಅಥವಾ ಟಂಗ್‌ಸ್ಟನ್ ಸಲ್ಫೈಡ್. ಹೊಸ ವೇಗವರ್ಧಕವನ್ನು ಲೋಹದ ಆಕ್ಸೈಡ್ ರೂಪದಲ್ಲಿ ತುಂಬಿದರೆ ಕೆಲಸಕ್ಕೆ ಹಚ್ಚುವ ಮೊದಲು ಅದಕ್ಕೆ ಗಂಧಕದ ಸಂಯುಕ್ತವೊಂದನ್ನು ಹಾಯಿಸಿ ಸಲ್ಫೈಡ್ ಮಾಡಿಕೊಳ್ಳುತ್ತಾರೆ. ಅದಾಗದಿದ್ದರೆ ಘಟಕ ಸರಿಯಾಗಿ ಕೆಲಸ ಮಾಡುವುದಿಲ್ಲ.